ಅತ್ತೆ ಒತ್ತದ ಹೆಬ್ಬೆಟ್ಟು

ಮದುವೆಯಾಗಿ ಕೊಂಡ್ಲಹಳ್ಳಿಗೆ ಬಂದಾಗ ನನಗೆ ಇಪ್ಪತ್ತು ವರ್ಷ. ಚಳ್ಳಕೆರೆಯಲ್ಲಿ ಪಿಯುಸಿವರೆಗೆ ಓದಿದ್ದೆ. ಮರುವರ್ಷವೇ ಊರಿನ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ಮೊದಲ ವರ್ಷಗಳವು. ಹಳ್ಳಿಹಳ್ಳಿಯಲ್ಲೂ ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆ ತರಗತಿಗಳು ನಡೆಯುತ್ತಿದ್ದವು. ಹಗಲು ಮಕ್ಕಳಿಗೆ ಹೇಳಿಕೊಡುವವಳು ಸಂಜೆ ಅವರ ಅಜ್ಜಿಯರಿಗೂ ಹೇಳಿಕೊಡಲಿ ಎಂದು ನನ್ನನ್ನೇ ಆ ಕೆಲಸಕ್ಕೂ ಹಾಕಿದರು. ಮೊದಲ ದಿನ ಸ್ಲೇಟು ಹಿಡಿದು ಬಂದು ಕುಳಿತವರು ನನ್ನ ಅತ್ತೆ.

ಅತ್ತೆಗೆ ಆಗ ಐವತ್ತರ ಮೇಲಿರಬಹುದು. ಮಾವ ತೀರಿಕೊಂಡು ವರ್ಷಗಳಾಗಿದ್ದವು. ತವರಿನವರು ಅವರ ಹೆಸರಿಗೇ ಬರೆದುಕೊಟ್ಟಿದ್ದ ಎರಡೂವರೆ ಎಕರೆ ಹೊಲ ಹಳ್ಳದ ಪಕ್ಕದಲ್ಲಿತ್ತು. ಅದರ ಉಳುಮೆ, ಬಿತ್ತನೆ ಎಲ್ಲವೂ ಅವರು ಹೇಳಿದಂತೆಯೇ ನಡೆಯಬೇಕು. ತಿಂಗಳೊಳಗೆ ತಮ್ಮ ಹೆಸರಿನ ಐದು ಅಕ್ಷರ ಕಲಿತರು. ಆಮೇಲೆ ಸ್ಲೇಟು ನನ್ನ ಕೈಗೆ ಕೊಟ್ಟು, ತಮಗೆ ಬೇಕಾದದ್ದು ಬಂತು, ಉಳಿದದ್ದನ್ನು ಓದಿ ಹೇಳಲು ನೀನಿದ್ದೀಯಲ್ಲ ಎಂದುಬಿಟ್ಟರು. ಅಂದಿನಿಂದ ಯಾರಾದರೂ ಇಂಕಿನ ಪ್ಯಾಡು ಮುಂದೆ ತಂದರೆ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳುತ್ತಿದ್ದರು. ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು ಬರೆಯುತ್ತಿದ್ದರು. ಸೊಸೈಟಿಯ ಗುಮಾಸ್ತ ಅವರ ಸಹಿ ಮುಗಿಯುವಷ್ಟರಲ್ಲಿ ಒಂದು ಟೀ ಕುಡಿದು ಬರುತ್ತಿದ್ದ. ನಾವು ಆಡಿಕೊಂಡು ನಗುತ್ತಿದ್ದೆವು; ಅವರೂ ನಗುತ್ತಿದ್ದರು.

ಹೀಗೆ ನಾಲ್ಕು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ಹೊಲಕ್ಕೆ ಹೋದ ಅತ್ತೆ ಅಲ್ಲಿ ಬೇರೆಯವರ ಟ್ರ್ಯಾಕ್ಟರ್ ಉಳುಮೆ ಮಾಡುತ್ತಿರುವುದನ್ನು ಕಂಡರು. ಬದುವಿನ ಮೇಲೆ ಮಾವನವರ ದಾಯಾದಿ ನಿಂತಿದ್ದ. ನನ್ನ ಗಂಡ ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದರು. ಮೊಳಕಾಲ್ಮೂರಿನಲ್ಲಿ ಜನರಿಗೆ ಅರ್ಜಿ ಬರೆಸಿಕೊಡುತ್ತ, ಪಹಣಿ ತೆಗೆಸಿಕೊಡುತ್ತ ಓಡಾಡುವ ಆಸಾಮಿ. ಅತ್ತೆ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಾಗ, ನೀನೇ ಈ ಹೊಲವನ್ನು ನನಗೆ ಕ್ರಯಕ್ಕೆ ಒಪ್ಪಿದ್ದೀಯಲ್ಲ, ಮುಂಗಡವನ್ನೂ ತೆಗೆದುಕೊಂಡಿದ್ದೀಯಲ್ಲ ಎಂದು ಜೇಬಿನಿಂದ ಒಂದು ಜೆರಾಕ್ಸ್ ಪ್ರತಿ ತೆಗೆದು ತೋರಿಸಿದನಂತೆ. ಹಿಂದಿನ ವರ್ಷದ ತಾರೀಕಿನ ಛಾಪಾ ಕಾಗದದ ಕರಾರು. ಕೊನೆಯಲ್ಲಿ ಅತ್ತೆಯ ಹೆಸರು, ಅದರ ಪಕ್ಕದಲ್ಲಿ ಒಂದು ಹೆಬ್ಬೆಟ್ಟಿನ ಗುರುತು.

ನಾನು ಸುದ್ದಿ ಕೇಳಿ ಓಡಿದಾಗ ಅತ್ತೆ ಆ ಕಾಗದ ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದರು. ಅಳುತ್ತಿರಬಹುದು ಎಂದುಕೊಂಡಿದ್ದೆ. ಅಳುತ್ತಿರಲಿಲ್ಲ.

"ಇದು ನಂದಲ್ಲ ನೋಡಮ್ಮ," ಎಂದರು. "ನಾನು ಹೆಬ್ಬೆಟ್ಟು ಬಿಟ್ಟು ನಾಕು ವರ್ಷ ಆತು. ಪಾಪ, ಇವ್ನಿಗೆ ಗೊತ್ತಿಲ್ಲ."

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಊರಿನಲ್ಲೇ ಮನೆಯಿದ್ದರೂ ದಿನವೆಲ್ಲ ಮೊಳಕಾಲ್ಮೂರಿನಲ್ಲಿ ಕಳೆಯುವವನು; ನಮ್ಮ ಸಂಜೆಯ ತರಗತಿಯಲ್ಲಿ ಯಾರು ಕುಳಿತರು, ಯಾರು ಕಲಿತರು ಎಂದು ನೋಡುವ ವ್ಯವಧಾನ ಅವನಿಗೆಲ್ಲಿ?

ಆ ವಾರ ಊರ ಹಿರಿಯರು ನಮ್ಮ ಜಗಲಿಯ ಮೇಲೆ ಸೇರಿದರು. ಒಂದೇ ವಂಶದವರು ಠಾಣೆ ಮೆಟ್ಟಿಲು ಹತ್ತುವುದು ಬೇಡ, ಹೆಂಗಸರು ಎಲ್ಲೋ ಒತ್ತಿ ಮರೆತಿರಬಹುದು, ಅರ್ಧ ಎಕರೆ ಬಿಟ್ಟುಕೊಟ್ಟರೆ ಮುಗಿದುಹೋಗುತ್ತದೆ ಎಂದರು. ನನ್ನ ಗಂಡನ ಮನಸ್ಸೂ ಅತ್ತಲೇ ವಾಲಿತ್ತು. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟು, ಎಲ್ಲರ ಮಾತನ್ನೂ ಕೇಳಿ, ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಚಳ್ಳಕೆರೆ ಬಸ್ಸು ಹತ್ತಿದರು.

ನನ್ನ ತವರುಮನೆಯ ಬೀದಿಯಲ್ಲೇ ಒಬ್ಬ ವಯಸ್ಸಾದ ವಕೀಲರಿದ್ದರು. ಕೋರ್ಟಿನಲ್ಲಿ ಎಷ್ಟು ಜೋರಾಗಿ ವಾದಿಸುತ್ತಿದ್ದರೋ ಮನೆಯಲ್ಲಿ ಅಷ್ಟೇ ಮೆಲ್ಲಗೆ ಮಾತಾಡುವ ಮನುಷ್ಯ. ನಾನು ವಿವರಿಸಲು ಹೊರಟರೆ ಕೈ ತೋರಿಸಿ ತಡೆದು ಅತ್ತೆಯನ್ನೇ ಕೇಳಿದರು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ.

"ಇದ್ರಾಗೆ ಮೂರು ತಪ್ಪು ಅವೆ ತಾಯಿ. ಸುಳ್ಳು ಕಾಗದ ಹುಟ್ಟಿಸಿದ್ದು ಒಂದು. ಅದು ಸುಳ್ಳು ಅಂತ ಗೊತ್ತಿದ್ದೂ ನಿಜ ಅಂತ ತೋರ್ಸಿದ್ದು ಇನ್ನೊಂದು. ಅದನ್ನ ಹಿಡ್ಕೊಂಡು ನಿಮ್ಮ ಹೊಲ ಹೊಡಿಯಾಕೆ ಬಂದಿದ್ದು ಮೂರನೇದು. ಕಾನೂನು ಮೂರಕ್ಕೂ ಬೇರೆ ಬೇರೆ ಹೆಸರಿಟ್ಟೈತೆ."

ಅವನು ಸಹಿಯನ್ನು ನಕಲು ಮಾಡಿದ್ದರೆ ನಮಗೇ ಕಷ್ಟವಾಗುತ್ತಿತ್ತು ಎಂದೂ ಹೇಳಿದರು. ಕೈಬರಹದ ಬಗ್ಗೆ ಇಬ್ಬರು ತಜ್ಞರು ಎರಡು ಮಾತು ಹೇಳಬಹುದು. ಬೆರಳಿನ ಗೆರೆ ಹಾಗಲ್ಲ, ಲೋಕದಲ್ಲಿ ಒಬ್ಬರದು ಇನ್ನೊಬ್ಬರಿಗೆ ಇರುವುದಿಲ್ಲ. ಹೊಲದ ಉಳುಮೆಗೆ ಸಿವಿಲ್ ಕೋರ್ಟಿನಿಂದ ತಡೆ ತರುವುದು ಒಂದು ಕೆಲಸ, ಖೋಟಾ ಮಾಡಿದವನ ಮೇಲೆ ಕ್ರಿಮಿನಲ್ ದೂರು ಕೊಡುವುದು ಇನ್ನೊಂದು ಕೆಲಸ, ಎರಡೂ ಜೊತೆಯಾಗಿ ನಡೆಯಬಹುದು ಎಂದು ತಿಳಿಸಿದರು. ಹೊರಡುವಾಗ ನಾನು, ಇವೆಲ್ಲ ಯಾವ ಪುಸ್ತಕದಲ್ಲಿ ಇರುತ್ತದೆ ಎಂದು ಕೇಳಿದೆ. ಅವರು ನಕ್ಕು, ಬೈಂಡು ಕಿತ್ತುಹೋಗಿದ್ದ ದಂಡ ಸಂಹಿತೆಯ ಒಂದು ಕನ್ನಡ ಪ್ರತಿಯನ್ನು ನನ್ನ ಕೈಗಿಟ್ಟರು. ವಾಪಸು ಕೊಡಬೇಕೆಂದೇನೂ ಹೇಳಲಿಲ್ಲ.

ಅದನ್ನು ಅಂಗನವಾಡಿಯಲ್ಲಿ ಮಕ್ಕಳು ಮಲಗಿದ ಹೊತ್ತಿನಲ್ಲಿ ಓದುತ್ತಿದ್ದೆ. ಮೊದಮೊದಲು ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದರ ಆರಂಭವೇ ಮರೆತುಹೋಗುತ್ತಿತ್ತು. ಆದರೂ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ವಂಚನೆಯಾಗಲಿ, ಖೋಟಾ ಆಗಲಿ, ಎಲ್ಲದರಲ್ಲೂ ಕಾನೂನು ಕೈಯನ್ನಷ್ಟೇ ನೋಡುವುದಿಲ್ಲ, ಮನಸ್ಸನ್ನೂ ಕೇಳುತ್ತದೆ. ಗೊತ್ತಿದ್ದು ಮಾಡಿದನೇ, ಮೋಸ ಮಾಡಬೇಕೆಂದೇ ಮಾಡಿದನೇ ಎಂಬ ಮಾತು ಪುಟಪುಟದಲ್ಲೂ ಬರುತ್ತಿತ್ತು.

ದೂರು ದಾಖಲಾಯಿತು; ತೀರ್ಮಾನವಾಗುವವರೆಗೆ ಹೊಲಕ್ಕೆ ಯಾರೂ ಇಳಿಯದಂತೆ ಸಿವಿಲ್ ಕೋರ್ಟು ತಡೆಯನ್ನೂ ಕೊಟ್ಟಿತು. ಮೂಲ ಕರಾರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಹೋಲಿಸಿ ನೋಡಲು ಅತ್ತೆಯ ಬೆರಳಚ್ಚು ಬೇಕು ಎಂದಾಗ ಠಾಣೆಯಲ್ಲಿ ಸಣ್ಣ ರಗಳೆಯೇ ನಡೆಯಿತು. ಅತ್ತೆ ಪೆನ್ನು ಕೊಡಿ ಎಂದು ಹಟ ಹಿಡಿದರು. ಸಬ್ ಇನ್‌ಸ್ಪೆಕ್ಟರ್ ಮೈಸೂರು ಕಡೆಯ ಹುಡುಗ, ತಾಳ್ಮೆಯವನು. ಆ ಹೆಬ್ಬೆಟ್ಟು ನಿಮ್ಮದಲ್ಲ ಎಂದು ತೋರಿಸಲು ನಿಮ್ಮ ಹೆಬ್ಬೆಟ್ಟೇ ಬೇಕಲ್ಲಮ್ಮ ಎಂದು ಎರಡು ಸಲ ಬಿಡಿಸಿ ಹೇಳಿದ. ಅತ್ತೆ ಯೋಚಿಸಿ, ಹತ್ತು ಬೆರಳನ್ನೂ ಮುಂದೆ ಚಾಚಿದರು. ಕೆಲಸ ಮುಗಿದ ಮೇಲೆ, ಈಗ ಒತ್ತಿದ್ದು ನಾನೇ ಎನ್ನುವುದಕ್ಕೆ ಕೆಳಗೆ ಸಹಿ ಹಾಕುತ್ತೇನೆ ಎಂದರು. ಪೊಲೀಸರು ಅದನ್ನೂ ಹಾಕಿಸಿಕೊಂಡರು.

ತಿಂಗಳುಗಳ ನಂತರ ವರದಿ ಬಂತು. ಕರಾರಿನ ಮೇಲಿನ ಗುರುತು ಅತ್ತೆಯದಲ್ಲ. ಹಾಗಾದರೆ ಯಾರದು ಎಂಬ ಪ್ರಶ್ನೆ ಹುಟ್ಟಿತು. ಕರಾರು ಬರೆದಿದ್ದ ಪತ್ರ ಬರಹಗಾರರನ್ನು ಪೊಲೀಸರು ಕೇಳಿದಾಗ, ಒಬ್ಬ ಹೆಂಗಸು ಬಂದಿದ್ದಳು, ಹೆಸರು ಕೇಳಿದರೆ ಜೊತೆಯಲ್ಲಿದ್ದ ಗಂಡಸೇ ಹೇಳಿದ, ಪತ್ರವನ್ನು ಓದಿ ಹೇಳಿ ತಿಳಿಯಿತೇ ಎಂದು ಕೇಳಿದಾಗ ಆಕೆ ತಲೆಯಾಡಿಸಿದಳು ಎಂದು ತಿಳಿಸಿದರು. ಆ ಎಳೆ ಹಿಡಿದು ಹೋದ ಪೊಲೀಸರಿಗೆ, ದಾಯಾದಿಯ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಆಂಧ್ರದ ಗಡಿಯ ಕಡೆಯ ಒಬ್ಬ ವಿಧವೆ ಸಿಕ್ಕಳು. ಬೆರಳಚ್ಚು ಆಕೆಯದೇ.

ಹೇಳಿಕೆಗೆ ಕರೆದರೆಂದು ನಾವು ಠಾಣೆಗೆ ಹೋದ ದಿನ ಆಕೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನ ವಯಸ್ಸಿನವಳೇ ಇರಬಹುದು, ನೋಡಲು ನನಗಿಂತ ಹತ್ತು ವರ್ಷ ದೊಡ್ಡವಳಂತೆ ಕಾಣುತ್ತಿದ್ದಳು. ಬೇರೆಯವರ ಹೆಸರಿನಲ್ಲಿ ಬೆರಳು ಒತ್ತಿದ್ದಕ್ಕೆ ಆಕೆಯನ್ನೂ ಆರೋಪಿ ಮಾಡಬೇಕಾಗುತ್ತದೆ ಎಂದು ಒಳಗೆ ಮಾತು ನಡೆದಿತ್ತು. ಏನು ಕೇಳಿದರೂ ಹೌದು ಎಂದು ತಲೆಯಾಡಿಸಿದ್ದಾಳೆ, ಒಪ್ಪಿಕೊಂಡ ಹಾಗೆಯೇ ಆಯಿತಲ್ಲ ಎಂದರು. ನನಗೂ ಒಳಗೊಳಗೇ ಸಿಟ್ಟಿತ್ತು. ಈ ಒಂದು ಬೆರಳಿಂದ ನಮ್ಮ ಮನೆ ವರ್ಷವಿಡೀ ನೆಮ್ಮದಿ ಕಳೆದುಕೊಂಡಿತ್ತು.

ಅತ್ತೆ ಮಾತ್ರ ಹೋಗಿ ಆಕೆಯ ಪಕ್ಕದಲ್ಲಿ ಕುಳಿತು ಎಲೆ ಅಡಿಕೆ ಚೀಲ ಬಿಚ್ಚಿದರು. ಎರಡು ಮಾತು ಕನ್ನಡದಲ್ಲಿ ಕೇಳಿದರು; ಆಕೆ ಎರಡಕ್ಕೂ ತಲೆಯಾಡಿಸಿದಳು. ನಮ್ಮ ಕಡೆ ತೆಲುಗು ಬಾರದವರು ಕಡಿಮೆ. ಅತ್ತೆ ತೆಲುಗಿಗೆ ತಿರುಗಿದ್ದೇ ತಡ, ಆಕೆಯ ಬಾಯಿ ತೆರೆಯಿತು.

"ಪಿಂಛನು ಕಾಗಿತಂ ಅನ್ನಾರಮ್ಮಾ," ಎಂದಳು. ಪಿಂಚಣಿ ಕಾಗದ ಅಂದರು ಅಮ್ಮಾ. ಗಂಡ ಸತ್ತವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುತ್ತದೆ, ಸುಮ್ಮನೆ ತಲೆಯಾಡಿಸು, ಮಾತಾಡಿದರೆ ಕೆಲಸ ಕೆಡುತ್ತದೆ ಎಂದು ಯಜಮಾನ ಹೇಳಿದ್ದನಂತೆ. ಕೂಲಿಯ ಮಾತು, ಸಂತೆಯ ಮಾತು ಬಿಟ್ಟರೆ ಆಕೆಗೆ ಕನ್ನಡ ಬರುತ್ತಿರಲಿಲ್ಲ. ಕ್ರಯ, ಕರಾರು, ಚಕ್ಕುಬಂದಿ ಎಂದು ಪತ್ರ ಬರಹಗಾರರು ಓದಿದ್ದು ಆಕೆಗೆ ಮಂತ್ರದಂತೆ ಕೇಳಿರಬೇಕು. ಇಲ್ಲಿಯೂ ಅದೇ ಭಯದಲ್ಲಿ ತಲೆಯಾಡಿಸುತ್ತ ಬಂದಿದ್ದಳು.

ಅತ್ತೆ ನನ್ನತ್ತ ತಿರುಗಿದರು. "ನಿನ್ನ ಪುಸ್ತಕದಾಗೆ ಇದಕ್ಕೇನೈತೆ ನೋಡು. ಇಬ್ರಿಗೂ ಅವ್ನೇ ಮೋಸ ಮಾಡಿರೋದು."

ಪುಸ್ತಕ ಚೀಲದಲ್ಲೇ ಇತ್ತು. ಹುಡುಕಿದೆ. ಸುಳ್ಳು ದಾಖಲೆ ಎಂದರೇನು ಎಂದು ಹೇಳುವ ಕಲಮಿನಲ್ಲಿ ಮೂರನೆಯ ಭಾಗವೊಂದಿತ್ತು. ಕಾಗದದಲ್ಲಿ ಏನಿದೆಯೆಂದು ತಿಳಿಯದಂತೆ ಒಬ್ಬರನ್ನು ವಂಚಿಸಿ ಅವರಿಂದ ಸಹಿ ಮಾಡಿಸಿದರೆ, ಹಾಗೆ ಮಾಡಿಸಿದವನೇ ಸುಳ್ಳು ದಾಖಲೆ ಮಾಡಿದವನು ಎಂದು ಅದರ ಸಾರ. ಸಬ್ ಇನ್‌ಸ್ಪೆಕ್ಟರರ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು, ಆ ಹೆಂಗಸಿನ ಮಾತನ್ನು ತೆಲುಗು ಬಲ್ಲವರಿಂದ ಇನ್ನೊಮ್ಮೆ ಕೇಳಿಸಬೇಕೆಂದು ಬೇಡಿಕೊಂಡೆ. ಅಂಗನವಾಡಿ ಟೀಚರು ಕಲಮು ತೋರಿಸಲು ಬಂದಳೆಂದು ಅಲ್ಲಿದ್ದ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಆತ ಮಾತ್ರ ನಗಲಿಲ್ಲ. ಹಿರಿಯ ಪೇದೆಯೊಬ್ಬರನ್ನು ಕರೆದು, ಅವಸರ ಮಾಡದೆ ತೆಲುಗಿನಲ್ಲಿ ಕೇಳಿ ಎಂದ. ಪತ್ರ ಬರಹಗಾರರನ್ನೂ ಮತ್ತೆ ಕರೆಸಿದರು. ಆಕೆ ತಮ್ಮೆದುರು ಒಂದು ಮಾತೂ ಆಡಿರಲಿಲ್ಲ ಎಂದು ಅವರು ಒಪ್ಪಿದರು. ದೋಷಾರೋಪ ಪಟ್ಟಿ ಕೋರ್ಟಿಗೆ ಹೋದಾಗ ಆಕೆಯ ಹೆಸರು ಸಾಕ್ಷಿಗಳ ಸಾಲಿನಲ್ಲಿತ್ತು. ಆರೋಪಿಗಳು ಇಬ್ಬರು: ದಾಯಾದಿ, ಮತ್ತು ಎಲ್ಲ ತಿಳಿದೂ ಕರಾರಿಗೆ ಸಾಕ್ಷಿ ಹಾಕಿದ್ದ ಅವನ ಭಾಮೈದ.

ಚಳ್ಳಕೆರೆ ಕೋರ್ಟಿನಲ್ಲಿ ವಿಚಾರಣೆಗೆ ಬರಲು ಎರಡು ವರ್ಷ ಹಿಡಿಯಿತು. ಅತ್ತೆ ಸಾಕ್ಷಿ ಹೇಳಿದ ದಿನ ಹಸಿರು ಅಂಚಿನ ಮೊಳಕಾಲ್ಮೂರು ಸೀರೆ ಉಟ್ಟಿದ್ದರು. ಎದುರು ವಕೀಲರು, ಹೆಬ್ಬೆಟ್ಟು ಬಿಟ್ಟಿದ್ದೇನೆ ಎನ್ನುವ ನೀವು ಠಾಣೆಯಲ್ಲಿ ಹತ್ತು ಬೆರಳೂ ಒತ್ತಿದ್ದೀರಲ್ಲ, ಹಾಗಾದರೆ ಬೇಕಾದ ಕಡೆ ಒತ್ತುತ್ತೀರಿ ಎಂದಾಯಿತು ಎಂದು ಸಿಕ್ಕಿಸಲು ನೋಡಿದರು.

"ಒತ್ತಿದೀನಿ ಸ್ವಾಮಿ," ಎಂದರು ಅತ್ತೆ. "ಅಲ್ಲಿ ಯಾಕೆ ಅಂತ ಹೇಳಿ ಒತ್ತಿಸ್ಕೊಂಡ್ರು."

ಮ್ಯಾಜಿಸ್ಟ್ರೇಟರು ಬರೆಯುತ್ತಿದ್ದ ಕೈ ನಿಲ್ಲಿಸಿ ಅತ್ತೆಯ ಮುಖ ನೋಡಿದರು. ಆಮೇಲೆ ಆ ಮಾತನ್ನು ಹಾಗೆಯೇ ಬರೆದುಕೊಂಡಂತೆ ಕಾಣಿಸಿತು. ಕೂಲಿಯ ಹೆಂಗಸು ತೆಲುಗಿನಲ್ಲೇ ಸಾಕ್ಷಿ ಹೇಳಿದಳು.

ಇಬ್ಬರಿಗೂ ಶಿಕ್ಷೆಯಾಯಿತು, ದಾಯಾದಿಗೆ ಎರಡು ವರ್ಷ, ಭಾಮೈದನಿಗೆ ಅದಕ್ಕಿಂತ ಕಡಿಮೆ. ಮೇಲ್ಮನವಿ ಹೋದರೂ ಗೆಲ್ಲಲಿಲ್ಲ. ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ. ಅತ್ತೆ ಖುಷಿಪಟ್ಟಿದ್ದು ಹೊಲದಲ್ಲಿ ಮತ್ತೆ ಶೇಂಗಾ ಬಿತ್ತಿದ ದಿನ. ಆ ಬಿತ್ತನೆಗೆ ಆ ಹೆಂಗಸನ್ನೂ ಕರೆಸಿಕೊಂಡರು, ಆಮೇಲೆ ವರ್ಷ ವರ್ಷವೂ ಆಕೆ ನಮ್ಮಲ್ಲಿಗೇ ಬರತೊಡಗಿದಳು. ಗಡಿಯಾಚೆಗಿನ ಆಕೆಯ ಊರಿನ ಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಿಸಲು ನಾನೂ ಅತ್ತೆಯೂ ಎರಡು ಸಲ ಹೋಗಿಬಂದೆವು. ಅರ್ಜಿ ತೆಲುಗಿನಲ್ಲಿತ್ತು, ಅದನ್ನು ಓದಲು ಬಾರದೆ ಅವತ್ತು ನಾನು ಕಚೇರಿಯವರೆದುರು ಸುಮ್ಮನೆ ತಲೆಯಾಡಿಸಿದೆ. ದಾರಿಯಲ್ಲಿ ಅತ್ತೆ ಅದನ್ನೇ ಹೇಳಿ ಹೇಳಿ ನಕ್ಕರು. ಮೂರು ತಿಂಗಳಿಗೆ ವೇತನ ಮಂಜೂರಾಯಿತು.

ದಾಯಾದಿ ಜೈಲಿನಲ್ಲಿದ್ದಷ್ಟು ದಿನವೂ ಅತ್ತೆ ಅವನ ಹೆಂಡತಿಯನ್ನು ಹಬ್ಬಕ್ಕೆ ಕರೆಯದೆ ಬಿಡಲಿಲ್ಲ. ಆಕೆಗೆ ಏನೂ ಗೊತ್ತಿರಲಿಲ್ಲ ಎಂಬುದು ನಮಗೆಲ್ಲ ತಿಳಿದಿತ್ತು. ಅವನು ಬಿಡುಗಡೆಯಾಗಿ ಬಂದ ವರ್ಷ ನನ್ನ ನಾದಿನಿಯ ಮದುವೆ. ಕರೆಯಬೇಕೇ ಬೇಡವೇ ಎಂದು ಮನೆಯಲ್ಲಿ ಚರ್ಚೆ ನಡೆಯಿತು. ಶಿಕ್ಷೆ ಕೊಡುವವರು ಕೊಟ್ಟಾಯಿತು, ಅನುಭವಿಸುವವನು ಅನುಭವಿಸಿಯೂ ಆಯಿತು, ಇನ್ನು ನಮ್ಮದೇನು ಉಳಿದಿದೆ ಎಂದು ಅತ್ತೆ ತಾವೇ ಹೋಗಿ ಕರೆದು ಬಂದರು. ಅವನು ಬಂದ. ಮೂಲೆಯಲ್ಲಿ ಕುಳಿತು ತಲೆ ಎತ್ತದೆ ಉಂಡ. ಅತ್ತೆ ಸಾಲಿನಲ್ಲಿ ಹೋಳಿಗೆ ಬಡಿಸುತ್ತ ಬಂದವರು ಅವನ ಎಲೆಗೂ ಒಂದು ಹಾಕಿ, ಒಂದು ಕ್ಷಣ ನಿಂತು, ಇನ್ನೊಂದು ಹಾಕಿ ಮುಂದಕ್ಕೆ ಹೋದರು.