ಮೇಸ್ತ್ರಿ ಮಾಡಿದ ಶವಪೆಟ್ಟಿಗೆ

ಸ್ಟುಡಿಯೋದಲ್ಲಿ ಸೆಟ್ಟು ಕಟ್ಟುವ ಬಡಗಿಯನ್ನು ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಕೈ ಗಟ್ಟಿ, ಎದೆ ಮಾತ್ರ ಪುಕ್ಕಲು. ಮನೆಗೆ ಬೀಗ ಹಾಕಿ ಬೀದಿ ತಿರುವಿನ ತನಕ ಹೋದವನು ವಾಪಸ್ ಬಂದು ಬೀಗ ಜಗ್ಗಿ ನೋಡುವ ಪೈಕಿ. ಅವನ ಹೆಂಡತಿ ಅದೇ ಸ್ಟುಡಿಯೋದಲ್ಲಿ ನಟನಟಿಯರ ಬಟ್ಟೆ ಹೊಲಿಯುತ್ತಿದ್ದಳು. ಗಂಡನ ಪಾಲಿನ ಧೈರ್ಯವನ್ನೂ ತಾನೇ ಬಾಚಿಕೊಂಡು ಹುಟ್ಟಿದವಳು.

ಆ ವರ್ಷ ಅಲ್ಲೊಂದು ದೆವ್ವದ ಸಿನಿಮಾ ಶುರುವಾಯಿತು. ಹಳೆಯ ಕಾದಂಬರಿಯೊಂದಕ್ಕೆ ಎರಡು ಸಣ್ಣ ಕತೆ ಸೇರಿಸಿ ಹೊಸೆದದ್ದು. ಸತ್ತಳೆಂದು ಬಂಗಲೆಯ ನೆಲಮಾಳಿಗೆಯಲ್ಲಿಟ್ಟ ಹೆಣ್ಣು ಪೆಟ್ಟಿಗೆಯೊಳಗೇ ಕಣ್ಣು ಬಿಡುತ್ತಾಳೆ. ಕಮಾನು, ಸುತ್ತುಮೆಟ್ಟಿಲು, ಶವಪೆಟ್ಟಿಗೆ, ಎಲ್ಲ ಮೇಸ್ತ್ರಿಯ ಕೆಲಸವೇ. ಪೆಟ್ಟಿಗೆಯ ಸಂದುಗಳು ಬಿಗಿಯಾಗಿ ಕೂತದ್ದನ್ನು ನಿರ್ದೇಶಕರು ಬೆರಳಾಡಿಸಿ ನೋಡಿ ಮೆಚ್ಚಿದಾಗ ಅವನು ಉಬ್ಬಿಹೋದ.

ಮುಚ್ಚಳ ಹಾಕಿದರೆ ತಾನು ಒಳಗೆ ಮಲಗುವುದಿಲ್ಲ ಎಂದು ನಾಯಕಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಅವಳಷ್ಟೇ ಎತ್ತರ, ಅಂಥದೇ ನೀಳ ಬೆರಳು ಇದ್ದದ್ದು ಮೇಸ್ತ್ರಿಯ ಹೆಂಡತಿಗೆ. ನಾಯಕಿಯ ಬದಲು ಮಲಗುತ್ತೀಯಾ ಎಂದು ಕೇಳಿದ್ದೇ ತಡ, ಒಪ್ಪಿಕೊಂಡಳು.

ಹಿಂದಿನ ಚಳಿಗಾಲದಲ್ಲಿ ಅವಳಿಗೆ ಉಬ್ಬಸ ಏರಿ ಆಸ್ಪತ್ರೆ ಹಾಸಿಗೆಯಲ್ಲಿ ಒದ್ದಾಡಿದ್ದು ಮೇಸ್ತ್ರಿಯ ಕಣ್ಣಿಗೆ ಕಟ್ಟಿದ ಹಾಗಿತ್ತು. ಊಟಕ್ಕೆ ಕೂತವನು ತುತ್ತು ಎತ್ತದೆ, ಬೇಡ ಅಂದ.

“ಜೀವಮಾನದಲ್ಲಿ ಒಂದ್ಸಲ ಕ್ಯಾಮೆರಾ ಮುಂದೆ ಬರ್ತಿದೀನಿ ರೀ, ಅಡ್ಡ ಬರಬೇಡಿ,” ಅಂದಳು. “ಪೆಟ್ಟಿಗೆ ಮಾಡಿದೋರು ನೀವೇ ಅಲ್ವಾ?”

ಅವನು ಹೆದರಿದ್ದೇ ಅದಕ್ಕೆ, ಸಂದಿನಲ್ಲಿ ಗಾಳಿಯೂ ನುಸುಳದ ಹಾಗೆ ಮಾಡಿದ್ದ. ಮರುದಿನ ತಲೆಯ ಕಡೆ ಗಾಳಿಗೆ ತೂತು ಕೊರೆದ, ಮುಚ್ಚಳದ ಕೊಂಡಿ ಕಿತ್ತುಹಾಕಿದ. ಉಸಿರು ಕಟ್ಟಿದರೆ ಒಳಗಿಂದ ಎರಡು ಸಲ ತಟ್ಟು ಎಂದು ಅವಳಿಗೆ ಹೇಳಿ ಹೇಳಿ ಸಾಕುಮಾಡಿದ.

ಚಿತ್ರೀಕರಣದ ದಿನ ಅವಳು ಪೆಟ್ಟಿಗೆಯೊಳಗೆ ಮಲಗಿದಳು, ಮುಚ್ಚಳ ಬಿತ್ತು. ಎಲ್ಲರೂ ಗಪ್‌ಚುಪ್. ಕ್ಯಾಮೆರಾ ನಿಧಾನವಾಗಿ ಪೆಟ್ಟಿಗೆಯತ್ತ ಸರಿಯಬೇಕು, ಆಮೇಲೆ ಅವಳು ಮುಚ್ಚಳ ಎತ್ತಿ ಕೈ ಹೊರಚಾಚಬೇಕು. ಮೇಸ್ತ್ರಿ ದೀಪದ ಕಂಬದ ಹಿಂದೆ ಬೆವರುತ್ತ ನಿಂತಿದ್ದ. ಟಕ್, ಟಕ್ ಎಂದಿತು. ಅವನಿಗೆ ಮೈಮೇಲೆ ಪ್ರಜ್ಞೆ ಉಳಿಯಲಿಲ್ಲ. ನುಗ್ಗಿ ಮುಚ್ಚಳ ಎಳೆದು ಬಿಸಾಡಿದ.

ಒಳಗೆ ಅವಳು ಹಾಯಾಗಿ ಮಲಗಿದ್ದಳು. “ಏನಾಯ್ತು ರೀ?” ಅಂದಳು.

ಕಾದ ದೀಪದ ತಗಡು ಸದ್ದು ಮಾಡಿತ್ತು, ಅಷ್ಟೇ. ಯಾರೋ ಕಿಸಕ್ಕೆಂದರು. ಅವಳು ನಾಚಿಕೆಯಿಂದ ಮುಖ ತಿರುಗಿಸಿದಳು. ನಿರ್ದೇಶಕರು ಬೈಯಲಿಲ್ಲ, ಮೇಸ್ತ್ರಿಯನ್ನು ಹೊರಗೆ ಕಳಿಸಿ ಎಂದರು. ಬಾಗಿಲು ಹಾಕಿಕೊಂಡು ಮತ್ತೆ ಶುರುಮಾಡಿದರು. ಮೇಸ್ತ್ರಿ ಹಲಗೆಗಳ ರಾಶಿಯ ಮೇಲೆ ಕೂತ, ಎದ್ದ, ಬಾಗಿಲಿಗೆ ಕಿವಿಯಿಟ್ಟ. ಒಳಗಿಂದ ಒಂದು ಪಿಸುಮಾತೂ ಇಲ್ಲ. ಅವನು ಕಂಡ ಕಂಡ ದೇವರನ್ನೆಲ್ಲ ನೆನೆದ. ಕೊನೆಗೆ ಬಾಗಿಲು ತೆರೆದಾಗ ಅವಳು ಎಲ್ಲರಿಗಿಂತ ಹಿಂದೆ, ಮುಖದ ಬಿಳಿ ಬಣ್ಣ ಒರೆಸಿಕೊಳ್ಳುತ್ತ ಬಂದಳು.

ಇಬ್ಬರೂ ಮನೆಯ ಬಸ್ಸು ಹತ್ತಿ ಕೂತರು. ಆಮೇಲೆ ಕಿಟಕಿಯಾಚೆ ನೋಡುತ್ತಲೇ ಅಂದಳು: “ಮೊದಲ ಸಲ ಏನೂ ಅನಿಸಲಿಲ್ಲ. ಎರಡನೇ ಸಲ ನೀವು ಹೊರಗಿದ್ರಲ್ಲ, ಆಗ ಹೆದರಿಕೆ ಆಯ್ತು. ಕೈ ನಡುಗಿಬಿಡ್ತು.”

ನಿರ್ದೇಶಕರು ಆ ನಡುಕವನ್ನೇ ಇಟ್ಟುಕೊಂಡರು. ಚಿತ್ರ ಬಿಡುಗಡೆಯಾದಾಗ ಇಬ್ಬರೂ ನೋಡಲು ಹೋದರು. ಪರದೆಯ ಮೇಲೆ ಆ ಕೈ ಹೊರಬಂದದ್ದೇ ಜನ ಉಸಿರು ಬಿಗಿಹಿಡಿದರು. ಮೇಸ್ತ್ರಿ ನೋಡಲಿಲ್ಲ. ಕಣ್ಣು ಮುಚ್ಚಿ ಪಕ್ಕದಲ್ಲಿದ್ದವಳ ಮೊಣಕೈ ಹಿಡಿದು ಕೂತಿದ್ದ. ನೋಯ್ತಿದೆ, ಸ್ವಲ್ಪ ಸಡಿಲ ಬಿಡಿ ಎಂದು ಅವಳು ಮೆಲ್ಲಗೆ ಹೇಳಿದಳು.