ನಾಲಿಗೆಗೆ ತಾಗಿಸಿದ ದಾರ

ಕಗ್ಗದಾಸಪುರದಲ್ಲಿ ಮುನಿಗಂಗಮ್ಮನ ಅಪ್ಪನ ಕನಕಾಂಬರದ ಪಾತಿಗಳಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳಿವೆ. ಕೆಳಗೊಂದು ಮೊಬೈಲ್ ಅಂಗಡಿ. ಅದರ ಮುಂದೆ ಹಾದುಹೋಗುವಾಗಲೆಲ್ಲ ಅವಳಿಗೆ ನೀರು ಹಾಯಿಸಿದ ಮಣ್ಣಿನ ವಾಸನೆ ಬಂದಂತಾಗುತ್ತದೆ.

ಆಗೆಲ್ಲ ಕೋಳಿ ಕೂಗುವ ಮುಂಚೆಯೇ ಅವ್ವ, ಚಿಕ್ಕವ್ವ, ಅತ್ತೆಯರು ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ದೇವರ ಹೂವಾದರೆ ಬಾಳೆನಾರನ್ನು ನೀರಲ್ಲಿ ಅದ್ದಬೇಕು, ಎಂಜಲಾಗಬಾರದು. ಮುಡಿಯುವ ಹೂವಿಗೆ ಅಷ್ಟು ಮಡಿಯಿಲ್ಲ. ನಾರಿನ ತುದಿ ಸೀಳಿದರೆ ಅವ್ವ ತಟ್ಟನೆ ನಾಲಿಗೆಗೆ ತಾಗಿಸಿ ಹೊಸೆದುಬಿಡುತ್ತಿದ್ದಳು. ಪುಟ್ಟ ಗಂಗೆಯೂ ಹಾಗೇ ಕಲಿತಳು. ಬಾಳೆನಾರಿನ ಆ ಒಗರು ಅವಳ ಪಾಲಿಗೆ ಬೆಳಗಿನ ರುಚಿಯೇ ಆಗಿತ್ತು. ಬೆಳಕು ಹರಿಯುವಷ್ಟರಲ್ಲಿ ಬುಟ್ಟಿ ತುಂಬುತ್ತಿತ್ತು. ಅಪ್ಪ ಅದನ್ನು ಸೈಕಲ್ಲಿಗೆ ಬಿಗಿದುಕೊಂಡು ಹಲಸೂರಿನ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಊರವರು ಅದನ್ನು ಅಪ್ಪನ ಹೂವಿನ ವ್ಯಾಪಾರ ಎನ್ನುತ್ತಿದ್ದರು. ಹೆಂಗಸರು ಮಡಿಲಿನ ನಾರು ಕೊಡವಿಕೊಂಡು ಎದ್ದು ಒಲೆ ಹಚ್ಚುತ್ತಿದ್ದರು. ಅವರು ಮಾಡಿದ್ದಕ್ಕೆ ಹೆಸರಿರಲಿಲ್ಲ.

ಪಾತಿಗಳು ಹೋದರೂ ಬೆರಳುಗಳಿಗೆ ಕೆಲಸ ಸಿಕ್ಕಿತು. ಅದೇ ಊರಿನ ಇನ್ನೊಂದು ಬೀದಿಗೆ ಸೊಸೆಯಾಗಿ ಹೋದ ಮುನಿಗಂಗಮ್ಮ, ಹತ್ತಿರದ ಸಣ್ಣ ವರ್ಕ್‌ಶಾಪೊಂದಕ್ಕೆ ಸೇರಿದಳು. ನೌಕಾಪಡೆಯ ಹಡಗುಗಳಿಗೆ ನೀರಿನಡಿಯ ಸದ್ದನ್ನು ಕೇಳಿಸುವ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದವು. ಅವುಗಳೊಳಗಿನ ಕೂದಲೆಳೆಯಂಥ ವೈರುಗಳನ್ನು ಮೇಣದ ದಾರದಿಂದ ಒತ್ತೊತ್ತಾಗಿ ಕಟ್ಟುವುದು ಹೆಂಗಸರ ಪಾಲಿನ ಕೆಲಸ. ಕಟ್ಟುತ್ತಾ ಕಟ್ಟುತ್ತಾ ಅವಳ ತಲೆ ನರೆಯಿತು. ಯುಗಾದಿ ಕಳೆದರೆ ರಿಟೈರ್ ಆಗಬೇಕು. ಸಮುದ್ರವನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ.

ಈಚೆಗೆ ಆರ್ಡರುಗಳು ಮೇಲಿಂದ ಮೇಲೆ ಬರತೊಡಗಿದವು. ಟೀ ಹೊತ್ತಿನಲ್ಲಿ ಸೂಪರ್‌ವೈಸರ್ ಸುನೀಲ್ ಕಾರಣ ಹೇಳುತ್ತಿದ್ದ.

"ಮೊದ್ಲು ಸಬ್‌ಮರೀನ್ ಒಂದೇ ಭಯ ಇತ್ತು ಗಂಗಮ್ಮಾ. ಈಗ ಸರಕಿನ ಹಡಗಿಗೆ ಡ್ರೋನ್ ಬಂದು ಹೊಡೆಯುತ್ತೆ. ಸಮುದ್ರದ ತಳದಲ್ಲಿರೋ ಇಂಟರ್‌ನೆಟ್ ಕೇಬಲ್ ಕಟ್ ಆಗುತ್ತೆ, ಯಾರು ಮಾಡಿದ್ರು ಅಂತಾನೇ ಗೊತ್ತಾಗಲ್ಲ. ಮನುಷ್ಯರೇ ಇಲ್ದಿರೋ ದೋಣಿಗಳು ನೀರಿನಡಿ ಓಡಾಡ್ತವೆ."

"ಮನುಷ್ಯರೇ ಇಲ್ವಾ? ಹಂಗಾದ್ರೆ ಅದ್ರೊಳಗೆ ಅಡುಗೆ ಮಾಡೋಳೂ ಬೇಡ ಅನ್ನಪ್ಪ."

ಪಕ್ಕದ ಮೇಜಿನಲ್ಲಿ ವೈರು ಕಟ್ಟುವ ನೂರುನ್ನೀಸಾಳಿಗೆ ನಗು ತಡೆಯಲಾಗದೆ ಟೀ ನೆತ್ತಿಗೇರಿತು.

ಆ ವಾರವೇ ಸುನೀಲ್ ಇನ್ನೊಂದು ಸುದ್ದಿ ತಂದ. ಅವಳು ಕಟ್ಟುತ್ತಿದ್ದ ಹೊಸ ಉಪಕರಣ ಪರೀಕ್ಷೆಯಲ್ಲಿ ಪಾಸಾದರೆ ಕಾರವಾರದಲ್ಲಿ ಹಡಗಿಗೆ ಕೂರಿಸಬೇಕು. ಕೊನೆಯ ಕಟ್ಟುಗಳನ್ನು ಹಡಗಿನೊಳಗೇ ಹಾಕಬೇಕು. "ನೀವೇ ಬರ್ಬೇಕು. ಒಂದು ವಾರ."

ಮನೆಯಲ್ಲಿ ಗಂಡ ಮುನಿಆಂಜನಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೋಗು. ಮುದ್ದೆ ಯಾರು ತಿರುವ್ತಾರೆ?"

ಇಂದಿರಾನಗರದ ಆಫೀಸಿಂದ ಆಗಷ್ಟೇ ಬಂದಿದ್ದ ಸೊಸೆ ಭವ್ಯ, "ನನ್ನ ನೋಡ್ಬೇಡಿ ಮಾವ, ನಾನು ಬೆಳಿಗ್ಗೆ ಎಂಟಕ್ಕೇ ಹೊರಡ್ಬೇಕು" ಎಂದಳು. "ಅತ್ತೆ, ನೀವು ಹೋಗ್ಬನ್ನಿ."

ಮಾತು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಉಪಕರಣ ಪರೀಕ್ಷೆಯಲ್ಲಿ ಫೇಲಾಗಿ ವಾಪಸು ಬಂತು. ಸುನೀಲ್ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಒಳಗಡೆ ಉಪ್ಪಿನಂಶ ಇದೆಯಂತೆ. ಇನ್ನೂ ಸಮುದ್ರಕ್ಕೇ ಇಳಿದಿಲ್ಲ, ಉಪ್ಪು ಎಲ್ಲಿಂದ ಬಂತು?"

ಮುನಿಗಂಗಮ್ಮ ತಾನು ಹಾಕಿದ ಕಟ್ಟುಗಳನ್ನೇ ನೋಡಿದಳು. ಈ ಸಲ ಬಂದದ್ದು ಹೊಸ ಬಗೆಯ ದಾರ, ಮೇಣವಿಲ್ಲದ್ದು. ಕತ್ತರಿಸಿದಲ್ಲೆಲ್ಲ ತುದಿ ಕೆದರುತ್ತಿತ್ತು. ಪ್ರತಿ ಸಲವೂ ಅವಳ ಕೈ ತಾನಾಗಿ ಬಾಯಿಯ ಹತ್ತಿರ ಹೋಗಿತ್ತು.

"ನನ್ನ ಎಂಜಲಿನ ಉಪ್ಪಪ್ಪ" ಎಂದಳು. "ಹೂ ಕಟ್ಟಿದಂಗೆ ನಾಲಿಗೆಗೆ ತಾಗಿಸ್ಬಿಟ್ಟಿದೀನಿ."

ಸುನೀಲ್ ತಲೆಯ ಮೇಲೆ ಕೈಯಿಟ್ಟುಕೊಂಡ. "ಸೋಮವಾರ ಬೆಳಿಗ್ಗೆ ಇದು ಮತ್ತೆ ಟೆಸ್ಟಿಗೆ ಹೋಗ್ಬೇಕಮ್ಮ. ಇಲ್ದಿದ್ರೆ ಕಾರವಾರಕ್ಕೆ ಬೇರೆಯವ್ರನ್ನ ಕಳಿಸ್ತಾರೆ."

ನಡುವೆ ಇದ್ದದ್ದು ಭಾನುವಾರ. ಉಳಿದವರಿಗೆ ಅದು ರಜೆ. ಮುನಿಗಂಗಮ್ಮನಿಗೆ ವಾರದ ಬಟ್ಟೆ, ಸಾರಿನ ಪುಡಿ, ಗಂಡನ ತಮ್ಮಂದಿರು ಉಣ್ಣಲು ಬರುವ ದಿನ. ಆ ಭಾನುವಾರ ಅವಳು ರಾಗಿಹಿಟ್ಟಿನ ಡಬ್ಬವನ್ನು ಗಂಡನ ಮುಂದಿಟ್ಟಳು.

"ನೀರು ಮರಳಿದ ಮೇಲೆ ಹಾಕಿ. ಕೋಲು ಅಲ್ಲೇ ಇದೆ."

"ಏನಮ್ಮಿ, ಈ ವಯಸ್ಸಲ್ಲಿ ನಾನು?"

"ನಾನು ಕಲಿತಿದ್ದು ಎಂಟನೇ ವಯಸ್ಸಲ್ಲಿ. ನಿಮಗೆ ಇನ್ನೂ ಸುಲಭ, ಕೈ ದೊಡ್ಡದು."

ವರ್ಕ್‌ಶಾಪಿನಲ್ಲಿ ಹಳೆಯ ಕಟ್ಟುಗಳನ್ನೆಲ್ಲ ಬಿಚ್ಚಿ, ವೈರುಗಳನ್ನು ಒರೆಸಿ, ಮತ್ತೆ ಕಟ್ಟಲು ಕೊರೊನಾ ಕಾಲದ ಮಾಸ್ಕು ಬಿಗಿದುಕೊಂಡು ಕೂತಳು. ಪಕ್ಕದಲ್ಲಿ ಒಂದು ಮೇಣದಬತ್ತಿ. ತುದಿ ಕೆದರಿದಾಗ ಕೈ ಬಾಯಿಗೆ ಹೋಗುತ್ತಿತ್ತು, ಬಟ್ಟೆಗೆ ತಾಕಿ ನಾಚಿಕೊಂಡಂತೆ ಹಿಂದಕ್ಕೆ ಬರುತ್ತಿತ್ತು, ಆಮೇಲೆ ದಾರವನ್ನು ಮೇಣಕ್ಕೆ ಉಜ್ಜುತ್ತಿತ್ತು. ದೇವರ ಹೂವು ಕಟ್ಟುವಾಗ ಅವ್ವ ತುಟಿ ಬಿಗಿದು ಕೂರುತ್ತಿದ್ದದ್ದು ನೆನಪಾಯಿತು. ಆ ಹೊತ್ತಿನಲ್ಲಿ ಮಾತ್ರ ಯಾರೂ ಅವ್ವನನ್ನು ಕರೆಯುತ್ತಿರಲಿಲ್ಲ. ಮಗು ಅತ್ತರೂ ಬೇರೆ ಯಾರೋ ಎತ್ತಿಕೊಳ್ಳುತ್ತಿದ್ದರು. ಅವ್ವನಿಗೆ ದೇವರ ಹೂವು ಅಷ್ಟೊಂದು ಇಷ್ಟವಿದ್ದದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

ಉಪಕರಣ ಪಾಸಾಯಿತು. ಮುನಿಗಂಗಮ್ಮ ಕಾರವಾರಕ್ಕೆ ಹೋದಳು.

ಹೋದರೂ ಸಮುದ್ರ ಕಾಣಲಿಲ್ಲ. ಗೇಟಿನಲ್ಲಿ ಫೋನು ಕೊಟ್ಟು, ದೊಡ್ಡ ಶೆಡ್ಡಿನೊಳಗೆ ಎತ್ತಿ ನಿಲ್ಲಿಸಿದ್ದ ಹಡಗಿನ ಹೊಟ್ಟೆಯೊಳಗೆ ಇಳಿದು, ಕಿಟಕಿಯಿಲ್ಲದ ಕೋಣೆಯಲ್ಲಿ ದೀಪದ ಕೆಳಗೆ ಕಟ್ಟುವುದು. ಹಳೆಯ ಅಡುಗೆಮನೆಯ ಹಾಗೇ ಇತ್ತು. ಕೊನೆಯ ದಿನ ಸಂಜೆ ಸುನೀಲ್ ಅವಳನ್ನು ಬೀಚಿಗೆ ಕರೆದುಕೊಂಡು ಹೋದ.

ಅವಳು ಸೀರೆ ಎತ್ತಿಕಟ್ಟಿ ಮಂಡಿಯವರೆಗೆ ನೀರಿಗಿಳಿದಳು. ಅಲೆ ಬಂದು ಮುಖಕ್ಕೆ ಎರಚಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಲೇ ಗಂಗೂ, ಉಪ್ಪಿನ ಡಬ್ಬ ಎಲ್ಲಿಟ್ಟಿದೀಯ?"

"ಒಲೆ ಪಕ್ಕದಲ್ಲೇ. ನಾನು ಮದುವೆಯಾಗಿ ಬಂದಾಗಿಂದ ಅಲ್ಲೇ ಇದೆ" ಎಂದು ಫೋನನ್ನು ಸುನೀಲನ ಕೈಗೆ ಕೊಟ್ಟು, ತುಟಿಯ ಮೇಲಿನ ಹನಿಯನ್ನು ನಾಲಿಗೆಯಿಂದ ನೆಕ್ಕಿದಳು. ಇನ್ನೊಂದು ಅಲೆ ಬರುತ್ತಿತ್ತು.