ಚುಕ್ಕಿ ಇಲ್ಲದ ಕಡೆ

ಅಕ್ಕೋರ ಬಲಗೈ ತೋರುಬೆರಳಿಗೆ ಯಾವಾಗಲೂ ಒಂದು ಕಪ್ಪು ಹೊಲಿಗೆ ದಾರ ಸುತ್ತಿಕೊಂಡಿರುತ್ತಿತ್ತು. ಸುತ್ತಿ ಸುತ್ತಿ ಗೆಣ್ಣಿನ ಕೆಳಗೆ ಉಂಗುರದಂಥ ಬಿಳಿಚಿದ ಗುರುತು ಬಿದ್ದಿತ್ತು. ಮೊದಲ ಸಲ ನೋಡಿದವರು ಯಾವುದೋ ದೇವರ ಹರಕೆ ಎಂದುಕೊಳ್ಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಸ್ಟ್ಯಾಟಿಸ್ಟಿಕ್ಸಿನ, ಅಂದರೆ ಸಂಖ್ಯಾಶಾಸ್ತ್ರದ ದಾರ.

ಅವರು ಧಾರವಾಡದ ಕಡೆಯವರು. ಪುಣೆಯ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಊರಿಗೆಲ್ಲ ಮ್ಯಾಡಮ್, ಹಾಸನದಿಂದ ಬಂದು ಅವರ ಕೈಕೆಳಗೆ ಸಂಶೋಧನಾ ಸಹಾಯಕಿಯಾಗಿದ್ದ ನನಗೆ ಮಾತ್ರ ಅಕ್ಕೋರು. ಅವರ ಊರಿನಲ್ಲಿ ಟೀಚರನ್ನು ಹಾಗೆ ಕರೆಯುತ್ತಾರೆಂದು ತಿಳಿದ ದಿನದಿಂದ ನಾನೂ ಹಾಗೇ ಕರೆದೆ. ಬೇಡ ಅನ್ನಲಿಲ್ಲ, ಖುಷಿಯನ್ನೂ ತೋರಿಸಲಿಲ್ಲ. ಪ್ರೀತಿಸಲು ಸುಲಭವಾದ ಹೆಂಗಸಲ್ಲ ಅವರು.

ದಾರದ ಕೆಲಸ ಇದು. ಒಬ್ಬೊಬ್ಬ ಮನುಷ್ಯನಿಂದ ಎರಡೆರಡು ಸಂಗತಿ ಅಳೆದಿರುತ್ತೇವೆ: ಎಷ್ಟು ಹೊತ್ತು ನಿದ್ದೆ ಮಾಡುತ್ತಾನೆ, ಎಷ್ಟು ತಪ್ಪು ಮಾಡುತ್ತಾನೆ, ಹೀಗೆ. ಎರಡೂ ಸೇರಿ ಹಾಳೆಯ ಮೇಲೆ ಒಬ್ಬನಿಗೆ ಒಂದು ಚುಕ್ಕಿ. ಎಲ್ಲ ಚುಕ್ಕಿಗಳಿಗೂ ಆದಷ್ಟು ಹತ್ತಿರ ಹಾಯುವ ಒಂದು ನೆಟ್ಟನೆ ಗೆರೆ ಸಿಕ್ಕಿದರೆ, ಒಂದು ಸಂಗತಿ ಗೊತ್ತಿರುವ ಹೊಸಬನ ಇನ್ನೊಂದು ಸಂಗತಿಯನ್ನು ಊಹಿಸಬಹುದು. ಕಂಪ್ಯೂಟರು ಈ ಗೆರೆಯನ್ನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೊಡುತ್ತದೆ. ಅಕ್ಕೋರು ಬಿಡುತ್ತಿರಲಿಲ್ಲ. ಮೊದಲು ಕೈಯಿಂದ ಚುಕ್ಕಿ ಇಡಬೇಕು, ಬೆರಳಿನ ದಾರ ಬಿಚ್ಚಿ ಇಬ್ಬರು ಎರಡು ತುದಿ ಹಿಡಿದು ಚುಕ್ಕಿಗಳ ನಡುವೆ ಎಳೆದು ನೋಡಬೇಕು, ಆಮೇಲೆ ಲ್ಯಾಪ್‌ಟಾಪು. ನಾನು ಗೊಣಗಿದರೆ, "ಚುಕ್ಕಿ ಅಂದ್ರ ಮನಶ್ಯಾ. ಅವನ ಮಾರಿ ನೋಡದನ ಗೆರಿ ಎಳೀತಿಯೇನು?" ಅನ್ನುವರು.

ಗೆರೆಯಿಂದ ಎಲ್ಲರಿಗಿಂತ ದೂರ ಬಿದ್ದ ಚುಕ್ಕಿಯನ್ನು ಕಂಡರೆ ಅವರಿಗೆ ಹಬ್ಬ. ಆ ಮನುಷ್ಯನನ್ನು ಹುಡುಕಿಕೊಂಡು ಹೋಗುವುದು ನನ್ನ ಪಾಲಿಗೆ ಬರುತ್ತಿತ್ತು. ಲೋಕಲ್ ರೈಲು, ಷೇರ್ ರಿಕ್ಷಾ, ಒಮ್ಮೆ ಕುರಕುಂಭದ ಕಾರ್ಖಾನೆಗಳ ರಾಸಾಯನಿಕದ ವಾಸನೆಯಲ್ಲಿ ತಲೆ ಸಿಡಿಯುವ ತನಕ ನಡೆದದ್ದು. "ಗೆರಿ ಮಂದಿದು ಹೇಳ್ತದ, ಮನಶ್ಯಾಂದು ಹೇಳೂದಿಲ್ಲ," ಎಂಬುದು ಅವರ ಗಾದೆ. ಊಹೆ ಹೇಳುವ ವಿದ್ಯೆ ಕಲಿಸುತ್ತಾರೆಂದು ಪಕ್ಕದ ಮನೆಯಾಕೆ ಮಗನನ್ನು ಎದುರು ನಿಲ್ಲಿಸಿ, ಇವನಿಗೆ ಮೆಡಿಕಲ್ ಸೀಟು ಸಿಗುತ್ತದೆಯೇ ಎಂದು ಕೇಳಿದ್ದುಂಟು. ಅಕ್ಕೋರು ಆಕೆಗೆ ಜ್ಯೋತಿಷಿಯೊಬ್ಬರ ವಿಳಾಸ ಕೊಟ್ಟು ಕಳಿಸಿದರು.

ಚಿಂಚವಾಡದ ಒಂದು ಕಾರ್ಖಾನೆ ಅವರಿಗೊಂದು ಕೆಲಸ ಒಪ್ಪಿಸಿತ್ತು. ಗಾಡಿಗಳಿಗೆ ವೈರಿನ ಜೋಡಣೆ ಮಾಡುವ ಕಾರ್ಖಾನೆ. ಹೊಸ ಯಂತ್ರಗಳ ತರಬೇತಿಗೆ ಯಾರನ್ನು ತೆಗೆದುಕೊಂಡರೆ ಪಾಸಾಗುತ್ತಾರೆ ಎಂದು ಮೊದಲೇ ತಿಳಿಯಬೇಕಿತ್ತು. ಹಿಂದಿನ ತಂಡಗಳ ವಯಸ್ಸು, ಕೊನೆಯ ಪರೀಕ್ಷೆಯ ಅಂಕ, ಎರಡನ್ನೂ ನಾವು ಹಾಳೆಗೆ ಇಳಿಸಿದೆವು. ಎಲ್ಲರೂ ಹುಡುಗರು, ಮೂವತ್ತು ದಾಟಿದವರಿಲ್ಲ. ಗೆರೆ ಎಡದಿಂದ ಬಲಕ್ಕೆ ಸ್ವಲ್ಪವೇ ಇಳಿಯುತ್ತಿತ್ತು: ವಯಸ್ಸು ಏರಿದಂತೆ ಅಂಕ ತುಸು ಕಡಿಮೆ.

ತರಬೇತಿ ಅಧಿಕಾರಿಗೆ ಈ ಗೆರೆ ಬಹಳ ಹಿಡಿಸಿತು. ಅವರು ಆ ಗೆರೆಯ ಸೂತ್ರಕ್ಕೆ ನಲವತ್ತಾರು ಎಂಬ ವಯಸ್ಸನ್ನು ಹಾಕಿ, ಬಂದ ಅಂಕವನ್ನು ನಮ್ಮ ಮುಂದಿಟ್ಟರು. ನಪಾಸು. ಅದು ಕಾರ್ಖಾನೆಯ ಕ್ಯಾಂಟೀನಿನ ಹೆಂಗಸೊಬ್ಬಳ ವಯಸ್ಸು. ಕ್ಯಾಂಟೀನನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡುವುದು ಗಟ್ಟಿಯಾಗಿತ್ತು. ಅಲ್ಲಿಯ ಹೆಂಗಸರಲ್ಲಿ ತರಬೇತಿ ಪಾಸಾದವರಿಗೆ ಯಂತ್ರದ ಕಡೆ ಕಾಯಂ ಕೆಲಸ, ಉಳಿದವರು ಮನೆಗೆ. ಗೋಕಾಕದ ಕಡೆಯಿಂದ ಬಂದ ಈ ಹೆಂಗಸಿನ ಸಂಬಳದ ಮೇಲೆ ಮನೆಯೆಲ್ಲ ನಿಂತಿತ್ತು. ತರಬೇತಿಗೆ ಸೇರಿಸಿಕೊಳ್ಳದಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಬಘಾ, ನೋಡಿ ಮ್ಯಾಡಮ್, ಗೆರೆಯೇ ಹೇಳುತ್ತದೆ. ಸುಮ್ಮನೆ ಒಂದು ಜಾಗ ಯಾಕೆ ದಂಡ ಮಾಡುವುದು?" ಎಂದರು ಅಧಿಕಾರಿ ಮರಾಠಿಯಲ್ಲಿ.

ಅಕ್ಕೋರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಅವರೂ ಮರಾಠಿಯಲ್ಲೇ, ಕೊನೆಯ ಚುಕ್ಕಿಯ ಮೇಲೆ ಬೆರಳಿಟ್ಟು ಹೇಳಿದರು: "ಇಲ್ಲಿಯವರೆಗೆ ಚುಕ್ಕಿ ಇವೆ. ಇದರಾಚೆ ಖಾಲಿ ಕಾಗದ. ಹುಡುಗ ವರ್ಷಕ್ಕೆ ಎರಡಿಂಚು ಬೆಳೆಯುತ್ತಾನೆಂದು, ಅವನ ಐವತ್ತನೇ ವರ್ಷಕ್ಕಾಗಿ ಈಗಲೇ ಬಾಗಿಲು ಎತ್ತರಿಸುತ್ತೀರೇನು?"

ಅಧಿಕಾರಿ ನಕ್ಕರು. ಕೆಟ್ಟ ಮನುಷ್ಯರೇನಲ್ಲ, ಮೇಲಿನವರಿಗೆ ಉತ್ತರ ಕೊಡಬೇಕಾದವರು. "ಹಾಗಾದರೆ ಅವಳು ಪಾಸಾಗುತ್ತಾಳೆ ಅಂತ ನೀವು ಹೇಳಿ. ಈಗಲೇ ಸೇರಿಸುತ್ತೇನೆ."

ಒಂದೇ ಒಂದು ಮಾತು. ನಾನಾಗಿದ್ದರೆ ಹೂಂ ಅನ್ನುತ್ತಿದ್ದೆ, ಪುಣ್ಯವೂ ಬರುತ್ತಿತ್ತು. ಅಕ್ಕೋರು, "ನನಗೆ ಗೊತ್ತಿಲ್ಲ," ಅಂದರು. ಮೇಜಿನ ಕೆಳಗೆ ಅವರ ಕಾಲು ತುಳಿಯಬೇಕೆನಿಸಿತು ನನಗೆ.

"ಗೊತ್ತಿಲ್ಲದ ಮೇಲೆ ವಾದ ಯಾಕೆ?"

"ನಿಮಗೂ ಗೊತ್ತಿಲ್ಲ ಅನ್ನುವುದೇ ನನ್ನ ವಾದ. ಈ ಗೆರೆ ಹಿಡಿದು ಆ ಹೆಂಗಸರನ್ನು ಬಿಟ್ಟರೆ ವರದಿಗೆ ನಾನು ಸಹಿ ಹಾಕುವುದಿಲ್ಲ."

ಸಹಿ ಇಲ್ಲದ ವರದಿ ಅವರ ಮೇಲಿನವರ ಮುಂದೆ ಕಸ. ಅಧಿಕಾರಿ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿ, ಕಡೆಗೆ ಕ್ಯಾಂಟೀನಿನ ಹೆಂಗಸರೂ ಕೂತುಕೊಳ್ಳಲಿ ಎಂದರು. ಮುಂದೆ ಆ ಕಾರ್ಖಾನೆಯಿಂದ ನಮಗೆ ಯಾವ ಕೆಲಸವೂ ಬರಲಿಲ್ಲ. ಹೊರಗೆ ಬಂದ ಮೇಲೆ ಅಕ್ಕೋರು, "ಕ್ಯಾಂಟೀನಿಗೆ ಹೋಗಿ ಬರ್ತೀನಿ, ನೀ ರಿಕ್ಷಾ ನೋಡು," ಅಂದರು. ಸಿಟ್ಟಿನಲ್ಲಿದ್ದ ನಾನು ಗೇಟಿನ ಹತ್ತಿರವೇ ನಿಂತೆ. ತಿರುಗಿ ಬಂದವರು ಅವಲಕ್ಕಿ ಪೋಹೆಗೆ ಸಕ್ಕರೆ ಹೆಚ್ಚಾಗಿತ್ತು ಎಂದಷ್ಟೇ ಹೇಳಿದರು.

ಆ ಹೆಂಗಸು ಪಾಸಾದಳು. ಮೊದಲಿಗಳಾಗಿ ಅಲ್ಲ, ನಡುವಿನಲ್ಲೆಲ್ಲೋ. ಕ್ಯಾಂಟೀನಿನಿಂದ ಅವಳ ಜೊತೆ ಕೂತವಳು ಇನ್ನೊಬ್ಬಳೇ, ಅವಳು ನಪಾಸಾದಳು. ಸುದ್ದಿ ಬಂದ ದಿನ ನಾನು ಪೇಡೆ ತಂದು, "ವಯಸ್ಸಾದವರೇ ಚೆನ್ನಾಗಿ ಕಲೀತಾರೆ ಅಂತ ಒಂದು ಪೇಪರ್ ಬರೆಯೋಣ ಅಕ್ಕೋರೇ," ಎಂದೆ. ಅವರು ಪೇಡೆಯನ್ನು ಪೂರ್ತಿ ತಿಂದು ಕೈ ಒರೆಸಿಕೊಂಡು, "ಎರಡ ಚುಕ್ಕಿ ಬಂದಾವ. ಅಷ್ಟರಾಗ ನೀನೂ ಗೆರಿ ಎಳದ್ಯಲ್ಲ?" ಅಂದರು. ಒಳ್ಳೆಯ ಸುದ್ದಿಗೂ ಅದೇ ಕಟ್ಟುನಿಟ್ಟು. ಆ ದಿನ ನನಗೆ ನಗು ಬರಲಿಲ್ಲ.

ಅವರು ನಿವೃತ್ತರಾದ ಮೇಲೂ ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ಪಾಲಖಿಯ ಹಿಂದೆ ಸಾಸವಡದ ತನಕ ನಡೆಯುತ್ತಿದ್ದರು, ಭಕ್ತಿಗಲ್ಲ, ಮೊಣಕಾಲಿಗೆ ಎಂದು ಹೇಳಿಕೊಂಡು. ಕಳೆದ ವರ್ಷ ಚಳಿಗಾಲದಲ್ಲಿ ಮೆದುಳಿನ ರಕ್ತನಾಳ ಒಡೆದು ತೀರಿಕೊಂಡರು. ಆ ದಿನ ಕೊಥ್ರೂಡಿನ ಅವರ ಮನೆಯಲ್ಲಿ ನಾನು ಬಂದವರಿಗೆ ನೀರು ಕೊಡುತ್ತ, ಚಪ್ಪಲಿ ಸರಿಸುತ್ತ ಓಡಾಡಿಕೊಂಡಿದ್ದೆ.

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು, ಕಾರ್ಖಾನೆಯ ನೀಲಿ ಕೋಟಿನಲ್ಲೇ. ಪಟ್ಟಿಯಲ್ಲಿ ಓದಿದ್ದ ಹೆಸರನ್ನು ಕೋಟಿನ ಮೇಲೆ ನೋಡಿ, ಗೋಕಾಕದ ಕಡೆಯ ಆ ಹೆಂಗಸೇ ಎಂದು ಗುರುತು ಹಿಡಿದೆ. ವರದಿ, ಗೆರೆ, ಸಹಿ, ಯಾವುದೂ ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನಾನು ಕನ್ನಡದವಳೆಂದು ತಿಳಿದು ಅವಳೇ ಮಾತಿಗೆ ಇಳಿದಳು.

"ಸಾಹೇಬ್ರು ಆಗೂದಿಲ್ಲ ಅಂದಿದ್ರು ನೋಡ್ರಿ. ನಮ್ಮ ಮನಿಯವರು ಆಗ್ತದ ಆಗ್ತದ ಅಂತಿದ್ರು, ಅದು ಸುಳ್ಳಂತ ನನಗ ತಿಳೀತಿತ್ತು. ಈ ಮ್ಯಾಡಮ್ಮೋರು ಬಂದು ಪೋಹೆ ತಿಂದ್ರು. ನಾ ಪಾಸ್ ಆಗ್ತೀನೇನ್ರಿ ಅಂತ ಕೇಳೀದೆ. ನನಗ ಗೊತ್ತಿಲ್ಲ ಯವ್ವಾ, ನಿನ್ನ ವಯಸ್ಸಿನವರು ಇನ್ನೂ ಯಾರೂ ಕೂತ ನೋಡಿಲ್ಲ ಅಂದ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾರಿಗೂ ಗೊತ್ತಿಲ್ಲ ಅಂದ್ರ, ಆಗ್ಲಿಕ್ಕೂ ಬಹುದು ಅಂತಲ್ಲೇನ್ರಿ? ಅದನ್ನ ಹಿಡಕೊಂಡು ಓದೀದೆ."

ಎರಡನೇ ಪಾಳಿಗೆ ಹೊತ್ತಾಗುತ್ತದೆಂದು ಅವಳು ಹೊರಟಳು. ಅಲ್ಲಿಯ ತನಕ ನಾನು ಅತ್ತಿರಲಿಲ್ಲ.